ವೈದ್ಯಕೀಯ ಸಂಕ್ಷೇಪಾಕ್ಷರಗಳು

ವೈದ್ಯಕೀಯ ಸಂಕ್ಷೇಪಾಕ್ಷರಗಳು ಎಂದರೆ ರೋಗ, ಔಷಧ, ಪರೀಕ್ಷೆ ಹಾಗೂ ಚಿಕಿತ್ಸೆಗಳ ದೀರ್ಘ ಹೆಸರುಗಳಿಗೆ ಬದಲಾಗಿ ವೈದ್ಯರು, ದಾದಿಯರು, ಔಷಧ ವಿತರಕರು ಮತ್ತು ರೋಗಿಗಳು ಬಳಸುವ ಅಕ್ಷರಗುಚ್ಛಗಳು. ಬಿಪಿ, ಟಿಬಿ, ಇಸಿಜಿ ಮೊದಲಾದವು ಕನ್ನಡದ ದಿನಬಳಕೆಯ ಮಾತಿನಲ್ಲಿ ಬೆರೆತುಹೋಗಿವೆ. ಅವುಗಳ ಪೂರ್ಣರೂಪವನ್ನು ಅರಿಯದವರೂ ಅರ್ಥದಲ್ಲಿ ಎಡವುವುದಿಲ್ಲ. ಆದರೆ ಅನೇಕ ಸಂಕ್ಷೇಪಗಳಿಗೆ ಒಂದಕ್ಕಿಂತ ಹೆಚ್ಚು ಅರ್ಥಗಳಿವೆ. ಬರೆದವರ ಮನಸ್ಸಿನಲ್ಲಿದ್ದ ಅರ್ಥವೇ ಓದುವವರಿಗೂ ಹೊಳೆಯುತ್ತದೆಂಬ ಭರವಸೆಯಿಲ್ಲದಿರುವುದರಿಂದ, ಔಷಧ ಚೀಟಿಯಲ್ಲಿಯೂ ರೋಗಿಗಳ ಪರಸ್ಪರ ನೆರವಿನ ಬಳಗಗಳಲ್ಲಿಯೂ ಇವು ಗೊಂದಲಕ್ಕೆ, ಕೆಲವೊಮ್ಮೆ ಪ್ರಾಣಾಪಾಯಕ್ಕೆ ಕಾರಣವಾಗುತ್ತವೆ.

ಮೂಲ

ಔಷಧ ಚೀಟಿಯ ಸಂಕ್ಷೇಪಗಳಲ್ಲಿ ಹೆಚ್ಚಿನವು ಇಂಗ್ಲಿಷಿನವಲ್ಲ, ಲ್ಯಾಟಿನ್ ಭಾಷೆಯವು. ದಿನಕ್ಕೆರಡು ಬಾರಿ ಎಂಬುದಕ್ಕೆ 'ಬಿಡಿ' (ಬಿಸ್ ಡಿಯೆ), ಮೂರು ಬಾರಿ ಎಂಬುದಕ್ಕೆ 'ಟಿಡಿಎಸ್' (ಟೆರ್ ಡಿಯೆ ಸುಮೆಂಡುಮ್), ಮಲಗುವ ಹೊತ್ತಿಗೆ 'ಎಚ್‌ಎಸ್' (ಹೋರಾ ಸೋಮ್ನಿ), ಅಗತ್ಯವಿದ್ದರೆ ಮಾತ್ರ ಎಂಬುದಕ್ಕೆ 'ಎಸ್‌ಒಎಸ್' (ಸಿ ಓಪುಸ್ ಸಿಟ್) ಎಂದು ಬರೆಯುವ ವಾಡಿಕೆಯಿದೆ. ಯುರೋಪಿನ ವೈದ್ಯರಿಗೆಲ್ಲ ಲ್ಯಾಟಿನ್ ಸಾಮಾನ್ಯ ವಿದ್ವದ್ಭಾಷೆಯಾಗಿದ್ದ ಕಾಲದಲ್ಲಿ ಈ ಪದ್ಧತಿ ಅನುಕೂಲವೇ ಆಗಿತ್ತು. ಭಾಷೆ ಬಳಕೆಯಿಂದ ಮರೆಯಾದರೂ ಅದರ ಮೊದಲಕ್ಷರಗಳು ಉಳಿದುಕೊಂಡಿವೆ.

ಒಂದೇ ಅಕ್ಷರಗುಚ್ಛ, ಹಲವು ಅರ್ಥ

ಗರ್ಭಿಣಿಯರ ಸ್ಕ್ಯಾನಿಂಗ್ ವರದಿ ಇದಕ್ಕೆ ಉತ್ತಮ ನಿದರ್ಶನ. ಅದರಲ್ಲಿ 'ಬಿಪಿಡಿ' ಎಂದರೆ ಭ್ರೂಣದ ತಲೆಯ ಎರಡು ಪಕ್ಕದ ಮೂಳೆಗಳ ನಡುವಿನ ಅಗಲ. ಮನೋವೈದ್ಯಶಾಸ್ತ್ರದಲ್ಲಿ ಅದೇ ಮೂರಕ್ಷರ 'ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್' ಎಂಬ ವ್ಯಕ್ತಿತ್ವದ ತೊಂದರೆಯನ್ನು ಸೂಚಿಸಿದರೆ, ನವಜಾತ ಶಿಶುಗಳ ವಿಭಾಗದಲ್ಲಿ ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆ ಬರುವ ಶ್ವಾಸಕೋಶದ ಕಾಯಿಲೆಯೊಂದನ್ನು ಹೇಳುತ್ತದೆ. ವರದಿಯನ್ನು ಕೈಯಲ್ಲಿ ಹಿಡಿದು ಅಂತರಜಾಲದಲ್ಲಿ ಅರ್ಥ ಹುಡುಕುವ ತಾಯಿಗೆ ಇವುಗಳಲ್ಲಿ ಯಾವುದು ಮೊದಲು ಕಣ್ಣಿಗೆ ಬೀಳುತ್ತದೆಯೋ ಹೇಳಲಾಗದು. ಸಹಜವಾದ ಅಳತೆಯೊಂದು ಹೀಗೆ ಒಂದು ರಾತ್ರಿಯ ನಿದ್ದೆಗೆಡಿಸಬಲ್ಲದು. ಅದೇ ವರದಿಯ 'ಎಸಿ' ಭ್ರೂಣದ ಹೊಟ್ಟೆಯ ಸುತ್ತಳತೆ. ಔಷಧ ಚೀಟಿಯ 'ಎಸಿ' ಊಟಕ್ಕೆ ಮುಂಚೆ ಎಂಬ ಸೂಚನೆ.

ಭಾರತದಲ್ಲಿ 'ಎಆರ್‌ಟಿ' ಎಂಬುದು ಇನ್ನೂ ಸೂಕ್ಷ್ಮವಾದ ಸಂಗತಿ. ಎಚ್‌ಐವಿ ಸೋಂಕಿತರಿಗೆ ಸರ್ಕಾರವು 2004ರ ಏಪ್ರಿಲ್ 1ರಿಂದ ಉಚಿತವಾಗಿ ಒದಗಿಸಲಾರಂಭಿಸಿದ ಆಂಟಿರೆಟ್ರೊವೈರಲ್ ಚಿಕಿತ್ಸೆಯ ಹೆಸರು ಅದು. ಆ ಚಿಕಿತ್ಸೆ ನೀಡುವ ಕೇಂದ್ರಗಳೂ ಎಆರ್‌ಟಿ ಕೇಂದ್ರಗಳೆಂದೇ ಪ್ರಸಿದ್ಧ. ಇತ್ತ ಸಂತಾನಕ್ಕಾಗಿ ಪಡೆಯುವ ನೆರವಿನ ತಂತ್ರಜ್ಞಾನವೂ ಎಆರ್‌ಟಿಯೇ. 2021ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯೂ ಆ ಹೆಸರಿನಿಂದಲೇ ಬಳಕೆಯಲ್ಲಿದೆ. "ನಾವು ಎಆರ್‌ಟಿ ಆರಂಭಿಸಿದ್ದೇವೆ" ಎಂದು ದಂಪತಿಗಳು ಹಂಚಿಕೊಂಡ ಒಂದು ವಾಕ್ಯವನ್ನು ಓದಿದವರು ಏನೆಂದು ತಿಳಿಯಬೇಕು? ಎರಡೂ ಸ್ಥಿತಿಗಳ ಸುತ್ತ ನಮ್ಮ ಸಮಾಜದಲ್ಲಿ ಪಿಸುಮಾತುಗಳಿರುವಾಗ, ತಪ್ಪು ತಿಳಿವಳಿಕೆಯ ಹೊರೆ ರೋಗಿಯ ಮೇಲೆಯೇ ಬೀಳುತ್ತದೆ.

ನೆರವಿನ ಬಳಗಗಳಲ್ಲಿ ಹಳಬರಿಗೆ ಇಂತಹ ಸಂಕ್ಷೇಪಗಳು ಬಾಯಿಪಾಠವಾಗಿರುತ್ತವೆ. 'ಪಿಡಿ' ಎಂದರೆ ಮೂತ್ರಪಿಂಡ ವೈಫಲ್ಯದವರಿಗೆ ಹೊಟ್ಟೆಯ ಪೊರೆಯ ಮೂಲಕ ಮಾಡುವ ಡಯಾಲಿಸಿಸ್. ಪಾರ್ಕಿನ್ಸನ್ ರೋಗಿಗಳ ನಡುವೆ ಅದು ಆ ರೋಗದ ಹೆಸರು. ನಿನ್ನೆಯಷ್ಟೇ ರೋಗದ ಹೆಸರು ಕೇಳಿ ಬಂದವನಿಗೆ ಇದಾವುದೂ ತಿಳಿಯದು. ಅರ್ಥ ಕೇಳಲು ಸಂಕೋಚಪಟ್ಟು ಅವನು ಸುಮ್ಮನಾಗುವುದೇ ಹೆಚ್ಚು. ತರಗತಿಯಲ್ಲಿ ಅರ್ಥವಾಗದೆಯೂ ತಲೆಯಾಡಿಸುವ ಮಕ್ಕಳನ್ನು ಕಂಡವರಿಗೆ ಇದು ಹೊಸದೇನಲ್ಲ.

ಕನ್ನಡ ಲಿಪಿಯಲ್ಲಿ

ಇಂಗ್ಲಿಷ್ ಅಕ್ಷರಗಳನ್ನು ಕನ್ನಡದಲ್ಲಿ ಬರೆದಾಗ ಬೇರೊಂದು ತೊಡಕು ಹುಟ್ಟುತ್ತದೆ. ರೋಮನ್ ಲಿಪಿಯ ದೊಡ್ಡಕ್ಷರಗಳು ಇದು ಸಂಕ್ಷೇಪವೆಂದು ಕಣ್ಣಿಗೆ ಸೂಚಿಸುತ್ತವೆ. ಕನ್ನಡಕ್ಕೆ ಆ ಸೌಲಭ್ಯವಿಲ್ಲ. "ಈ ಮಾತ್ರೆ ಬಿಡಿ" ಎಂದು ಬರೆದರೆ ದಿನಕ್ಕೆರಡು ಬಾರಿ ನುಂಗಬೇಕೆಂದೋ, ನುಂಗುವುದನ್ನೇ ನಿಲ್ಲಿಸಬೇಕೆಂದೋ? ದಿನಕ್ಕೊಮ್ಮೆ ಎಂಬರ್ಥದ 'ಓಡಿ' ಕನ್ನಡದಲ್ಲಿ ಓಡಿರೆಂಬ ಆಜ್ಞೆ. 'ಟಿಡಿಎಸ್' ಸಂಬಳದಾರರಿಗೆ ಆದಾಯ ತೆರಿಗೆಯನ್ನು ನೆನಪಿಸುತ್ತದೆ. ಅಕ್ಷರಗಳ ನಡುವೆ ಚುಕ್ಕಿ ಇಡುವುದರಿಂದ ತೊಡಕು ತುಸು ಕಡಿಮೆಯಾಗುತ್ತದೆಯೇ ಹೊರತು ಅರ್ಥ ತಿಳಿಯುವುದಿಲ್ಲ.

ಔಷಧ ಚೀಟಿಯ ಅಪಾಯಗಳು

ಸಾಮಾನ್ಯ ಚೀಟಿಯಲ್ಲಿ ದಿನಕ್ಕೊಮ್ಮೆ ಎಂದಾಗುವ 'ಓಡಿ' ನೇತ್ರವೈದ್ಯರ ಬರಹದಲ್ಲಿ ಬಲಗಣ್ಣು. ಇನ್ಸುಲಿನ್ ಪ್ರಮಾಣದ ಮುಂದೆ ಯೂನಿಟ್ ಎಂಬುದಕ್ಕೆ ಬದಲಾಗಿ ಇಂಗ್ಲಿಷಿನ 'ಯು' ಅಕ್ಷರವನ್ನಷ್ಟೇ ಗೀಚಿದರೆ ಅದು ಸೊನ್ನೆಯಂತೆ ಕಂಡು, 4 ಯೂನಿಟ್ ಎಂಬುದು 40 ಆಗಬಹುದು. ರಕ್ತದ ಸಕ್ಕರೆ ಕುಸಿದು ರೋಗಿಯ ಪ್ರಜ್ಞೆ ತಪ್ಪಲು ಅಷ್ಟು ಸಾಕು. ಮೈಕ್ರೊಗ್ರಾಮ್ ಸಂಕೇತವನ್ನು ಮಿಲಿಗ್ರಾಮ್ ಎಂದು ಓದಿದರೆ ವ್ಯತ್ಯಾಸ ಸಾವಿರ ಪಟ್ಟು. ಥೈರಾಯ್ಡ್ ಮಾತ್ರೆಗಳ ಪ್ರಮಾಣವನ್ನು ಮೈಕ್ರೊಗ್ರಾಮಿನಲ್ಲಿಯೇ ಹೇಳುವುದರಿಂದ ಈ ಎಚ್ಚರಿಕೆ ನಮ್ಮ ಮನೆಗಳಿಗೂ ಸಂಬಂಧಿಸಿದ್ದು. 'ಎಂಎಸ್' ಎಂಬುದು ನೋವು ನಿವಾರಕ ಮಾರ್ಫಿನ್ ಸಲ್ಫೇಟ್ ಆಗಿರಬಹುದು, ಮ್ಯಾಗ್ನೀಸಿಯಂ ಸಲ್ಫೇಟ್ ಎಂದೂ ಓದಲ್ಪಡಬಹುದು.

ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ ಸಂಸ್ಥೆಯು 2004ರಲ್ಲಿ ಬಳಸಬಾರದ ಸಂಕ್ಷೇಪಗಳ ಪಟ್ಟಿಯನ್ನು ರೂಪಿಸಿತು. ಮೇಲೆ ಹೇಳಿದ 'ಯು' ಮತ್ತು 'ಎಂಎಸ್' ಅದರಲ್ಲಿ ಸೇರಿವೆ. 1.0 ಎಂದು ದಶಮಾಂಶದ ಬಳಿಕ ಅನಗತ್ಯ ಸೊನ್ನೆ ಬರೆಯುವುದನ್ನೂ, 0.5ರ ಬದಲು ಬರಿದೇ .5 ಎಂದು ಬರೆಯುವುದನ್ನೂ ಅದು ನಿಷೇಧಿಸಿತು. ಚುಕ್ಕಿ ಮಸುಕಾದರೆ ಎರಡೂ ಹತ್ತು ಪಟ್ಟಾಗುತ್ತವೆ. ಭಾರತದಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ತನ್ನ 2002ರ ನಿಯಮಾವಳಿಗೆ 2016ರಲ್ಲಿ ತಂದ ತಿದ್ದುಪಡಿಯು, ವೈದ್ಯರು ಔಷಧದ ಜೆನರಿಕ್ ಹೆಸರನ್ನು ಓದಲು ಬರುವಂತೆ, ಸಾಧ್ಯವಾದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಹೇಳಿತು.

ಪರ್ಯಾಯ ರೂಢಿ

ಬರಹದಲ್ಲಿ ಮೊದಲ ಸಲ ಪೂರ್ಣ ಹೆಸರನ್ನು ಬರೆದು, ಪಕ್ಕದಲ್ಲಿ ಸಂಕ್ಷೇಪವನ್ನು ಕೊಟ್ಟು, ಅನಂತರವಷ್ಟೇ ಅದನ್ನು ಬಳಸುವುದು ಸರಳ ಉಪಾಯ. ಔಷಧದ ಹೆಸರನ್ನೂ ಪ್ರಮಾಣವನ್ನೂ ಮಾತ್ರ ಎಲ್ಲಿಯೂ ಸಂಕ್ಷೇಪಿಸದಿರುವುದು ಲೇಸು. ಭಾರತದಲ್ಲಿ ಬೆಳಗ್ಗೆ, ಮಧ್ಯಾಹ್ನ, ರಾತ್ರಿಗಳನ್ನು 1–0–1 ಎಂದು ಅಂಕಿಗಳಲ್ಲಿ ಸೂಚಿಸುವ ಪದ್ಧತಿಯೂ ವ್ಯಾಪಕವಾಗಿದ್ದು, ಇಂಗ್ಲಿಷ್ ಬಾರದವರಿಗೆ ಲ್ಯಾಟಿನ್ ಅಕ್ಷರಗಳಿಗಿಂತ ಎಷ್ಟೋ ಮೇಲಾಗಿದೆ. ಆದರೆ ದಿನವೂ ಸೇವಿಸದ ಔಷಧಕ್ಕೆ ಅದು ಒದಗುವುದಿಲ್ಲ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೊಮ್ಮೆ ಮಾತ್ರ ಸೇವಿಸಬೇಕು. ಪ್ರತಿದಿನ ಸೇವಿಸಿದರೆ ಅದು ಅಸ್ಥಿಮಜ್ಜೆಯನ್ನು ಕುಗ್ಗಿಸಿ ಪ್ರಾಣಕ್ಕೆ ಎರವಾಗಬಹುದು. ಅಂತಹ ಚೀಟಿಯಲ್ಲಿ ಸೋಮವಾರ, ಗುರುವಾರ ಎಂದು ವಾರದ ಹೆಸರನ್ನೇ ಪೂರ್ತಿಯಾಗಿ ಬರೆಯಿಸಿಕೊಳ್ಳಬೇಕಾಗುತ್ತದೆ.