ಕೆಮ್ಮಿನ ದನಿಗೆ ಕಿವಿಗೊಟ್ಟ ವೈದ್ಯ

ಸೇವೆಯಿಂದ ನಿವೃತ್ತರಾಗುವವರಿಗೆ ಶಾಲು ಹೊದಿಸಿ, ಹಾರ ಹಾಕಿ, ನಾಲ್ಕು ಒಳ್ಳೆಯ ಮಾತುಗಳನ್ನಾಡಿ ಬೀಳ್ಕೊಡುವುದು ನಮ್ಮಲ್ಲಿ ನಡೆದುಬಂದ ವಾಡಿಕೆ. ಹಾರ ಮರುದಿನವೇ ಬಾಡುತ್ತದೆ. ಆ ವ್ಯಕ್ತಿಯ ದುಡಿಮೆಯಿಂದ ಯಾರಿಗೆ ಏನು ಒಳಿತಾಯಿತೆಂಬುದು ತಿಳಿಯಲು ವರುಷಗಳು ಬೇಕು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕ ಹುದ್ದೆಯಿಂದ ನಿವೃತ್ತರಾಗಿ, 2016ರಲ್ಲಿ ಜಿನೀವಾದಲ್ಲಿ ತೀರಿಕೊಂಡ ಡಾ. ಹಾಲ್ಫ್‌ಡನ್ ಮಾಹ್ಲರ್ ಅವರನ್ನು ನಾವಿಂದು ನೆನೆಯಲು ಕಾರಣವಿದೆ. ಶ್ವಾಸಕೋಶದ ರೋಗಿಗಳ ಪರವಾಗಿ ಅವರು ಮಾಡಿದ ಕೆಲಸದ ಬುನಾದಿಯ ಕಲ್ಲುಗಳು ನಮ್ಮ ಕನ್ನಡ ನಾಡಿನಲ್ಲೇ ಇವೆ.

ಮಾಹ್ಲರ್ ಹುಟ್ಟಿದ್ದು 1923ರಲ್ಲಿ, ಡೆನ್ಮಾರ್ಕ್ ದೇಶದ ಬ್ಯಾಪ್ಟಿಸ್ಟ್ ಬೋಧಕರೊಬ್ಬರ ಮಗನಾಗಿ. ವೈದ್ಯರಾದ ಅವರು 1951ರಲ್ಲಿ ಭಾರತಕ್ಕೆ ಬಂದು, ಸುಮಾರು ಹತ್ತು ವರುಷ ಇಲ್ಲಿಯ ಕ್ಷಯರೋಗ ನಿವಾರಣೆಯ ಕೆಲಸದಲ್ಲಿ ತೊಡಗಿದ್ದರು. ಕ್ಷಯವೆಂದರೆ ಮನೆತನಗಳೇ ನಡುಗುತ್ತಿದ್ದ ಕಾಲವದು. ಮೈಸೂರಿನ ಅರಮನೆಯನ್ನೂ ಆ ವ್ಯಾಧಿ ಬಿಟ್ಟಿರಲಿಲ್ಲ. ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರೂ ಅವರ ಪುತ್ರಿಯರೂ ಅದಕ್ಕೆ ಬಲಿಯಾದರು, ಮೈಸೂರಿನ ಪಿ.ಕೆ. ಸ್ಯಾನಿಟೋರಿಯಂ ಅವರ ನೆನಪಿಗೆ ಎದ್ದು ನಿಂತದ್ದು. ಹಾಸಿಗೆ ದೊರೆತವರು ಪುಣ್ಯವಂತರು. ದೊರೆಯದವರು ಮನೆಯ ಮೂಲೆಯಲ್ಲಿ ಸವೆದುಹೋಗುತ್ತಿದ್ದರು.

ಆ ದಶಕದಲ್ಲಿ ಎರಡು ಸತ್ಯಗಳು ಬೆಳಕಿಗೆ ಬಂದವು. 1955ರಿಂದ 58ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯು, ಕ್ಷಯವು ಪಟ್ಟಣದ ಗಲ್ಲಿಗಳಲ್ಲಿರುವಷ್ಟೇ ಹಳ್ಳಿಗಳಲ್ಲೂ ಇದೆಯೆಂದು ತೋರಿಸಿತು. 1959ರಲ್ಲಿ ಮದರಾಸಿನ ಸಂಶೋಧಕರು, ಔಷಧವನ್ನು ಕ್ರಮವಾಗಿ ಸೇವಿಸಿದರೆ ಮನೆಯಲ್ಲಿದ್ದೇ ಸ್ಯಾನಿಟೋರಿಯಂನಲ್ಲಿದ್ದಂತೆಯೇ ಗುಣ ಹೊಂದಬಹುದೆಂದು ಸಾಧಿಸಿದರು. ಹಾಗಾದರೆ ಹಳ್ಳಿಯ ರೋಗಿಯನ್ನು ಗುರುತಿಸುವುದು ಹೇಗೆ? ಮದ್ದು ಅವನ ಕೈಸೇರುವುದು ಹೇಗೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲೆಂದೇ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತಲೆಯೆತ್ತಿತು. 1960ರ ಸೆಪ್ಟೆಂಬರ್ 16ರಂದು ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. ಅದನ್ನು ಕಟ್ಟಿದವರಲ್ಲಿ ಮಾಹ್ಲರ್ ಪ್ರಮುಖರು.

ಅಲ್ಲಿಯ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಹಳ್ಳಿಗೆ ಹೋದರು. ಓದುಬರಹವಿಲ್ಲದ ಹಳ್ಳಿಗರಿಗೆ ರೋಗದ ಅರಿವಿಲ್ಲ, ಅವರಾಗಿ ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗ ಬಲ್ಲವರ ನಂಬಿಕೆಯಾಗಿತ್ತು. ಡಾ. ದೇಬಬರ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ಕಫದಲ್ಲಿ ರೋಗಾಣುಗಳಿದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ತಮ್ಮ ಕೆಮ್ಮಿನ, ಜ್ವರದ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಸ್ಪತ್ರೆಯ ಬಾಗಿಲಿಗೆ ಹೋಗಿಯೂ ಇದ್ದರು. ಹೋದವರಿಗೆ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಔಷಧ! ರೋಗಿ ಕೂಗಿದ್ದ; ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಂಡಿರಲಿಲ್ಲ.

ಶುಭಸಂದೇಶವನ್ನು ಓದುವವರಿಗೆ ಇಲ್ಲಿ ಯೆರಿಕೋ ಪಟ್ಟಣದ ಕುರುಡ ಬಾರ್ತಿಮಾಯನ ನೆನಪಾಗದಿರದು. ದಾರಿಯ ಬದಿಯಲ್ಲಿ ಕುಳಿತು ಅವನು ಕೂಗಿದಾಗ ಜನರೆಲ್ಲ ಅವನನ್ನು ಗದರಿಸಿ ಸುಮ್ಮನಿರಿಸಲು ನೋಡಿದರು. ಯೇಸುಸ್ವಾಮಿ ನಿಂತರು, ಕರೆಸಿದರು, ನಿನಗೇನು ಬೇಕೆಂದು ಕೇಳಿದರು. ಎಲ್ಲವನ್ನೂ ಬಲ್ಲ ಪ್ರಭು ಹೀಗೆ ಕೇಳಬೇಕಾಗಿತ್ತೇ? ನೊಂದವನ ಬಾಯಿಂದಲೇ ಅವನ ನೋವನ್ನು ಕೇಳುವುದು ಅವನಿಗೆ ಸಲ್ಲಬೇಕಾದ ಗೌರವವೆಂದು ನಾವು ತಿಳಿಯುತ್ತೇವೆ. ಸಂತ ಥಾಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣವನ್ನು ವಿವೇಚಿಸುವಾಗ, ಇತರರಿಂದ ಕಲಿಯುವ ವಿಧೇಯ ಮನಸ್ಸನ್ನು ಅದರ ಒಂದು ಅಂಗವೆಂದೇ ಗಣಿಸಿದ್ದಾರೆ. ವೈದ್ಯನಿಗೂ ಗುರುಗಳಿಗೂ ಈ ವಿಧೇಯತೆ ಸಮಾನವಾಗಿ ಬೇಕು.

ಮಾಹ್ಲರ್ 1973ರಿಂದ 1988ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಚುಕ್ಕಾಣಿ ಹಿಡಿದರು. 1978ರ ಆಲ್ಮಾ ಆಟಾ ಸಮ್ಮೇಳನದಲ್ಲಿ, ಪ್ರಾಥಮಿಕ ಆರೋಗ್ಯ ಸೇವೆಯು ಜನರ ಮನೆಬಾಗಿಲಿಗೆ ಬರಬೇಕು, ಅದನ್ನು ರೂಪಿಸುವುದರಲ್ಲಿ ಜನರ ಪಾಲೂ ಇರಬೇಕು ಎಂಬ ಘೋಷಣೆ ಹೊರಟಿತು. 1980ರಲ್ಲಿ ವಿಶ್ವ ಆರೋಗ್ಯ ದಿನವನ್ನು ಧೂಮಪಾನದ ವಿರುದ್ಧದ ಎಚ್ಚರಿಕೆಗೆ ಮೀಸಲಿಟ್ಟವರೂ ಅವರೇ. ಅವರ ಅಧಿಕಾರದ ಕೊನೆಯ ವರುಷ, 1988ರ ಏಪ್ರಿಲ್ 7ರಂದು, ಜಗತ್ತು ಮೊದಲ ಬಾರಿಗೆ ಧೂಮಪಾನರಹಿತ ದಿನವನ್ನು ಆಚರಿಸಿತು. ಮರುವರುಷದಿಂದ ಅದು ಮೇ 31ಕ್ಕೆ ನಿಗದಿಯಾಗಿದೆ.

ನಿವೃತ್ತಿಯ ನಂತರ ಅವರು ಅಂತರರಾಷ್ಟ್ರೀಯ ಕುಟುಂಬ ಯೋಜನಾ ಒಕ್ಕೂಟದ ಹೊಣೆ ಹೊತ್ತರು. ಅಲ್ಲಿ ಧರ್ಮಸಭೆಯ ಬೋಧನೆಗೂ ಅವರ ಹಾದಿಗೂ ಹೊಂದಿಕೆಯಿಲ್ಲ. ಅದನ್ನು ನಾವು ಮರೆಮಾಚುವುದಿಲ್ಲ. ಆದರೆ ಭಿನ್ನಾಭಿಪ್ರಾಯವಿದೆಯೆಂದು ಮಾಡಿದ ಉಪಕಾರವನ್ನು ಅಲ್ಲಗಳೆಯುವುದು ಕ್ರೈಸ್ತ ಧರ್ಮವಲ್ಲ.

ಈ ಮಾತುಗಳು ಶಿರಂಗಾಲದ ನಮಗೆ ದೂರದವಲ್ಲ. ನಮ್ಮೂರ ಪಕ್ಕದಲ್ಲಿ ಹರಿಯುವ ಕಾವೇರಿ ಕೊಡಗನ್ನು ದಾಟಿ ಸೇರುವ ರಾಮನಾಥಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆಯಿದೆ. ಆಚೆಯ ಪಿರಿಯಾಪಟ್ಟಣ, ಹುಣಸೂರುಗಳಲ್ಲಿ ಹೊಗೆಸೊಪ್ಪೇ ಎಷ್ಟೋ ಮನೆಗಳ ಅನ್ನ. ಮಗಳ ಮದುವೆ, ಮಗನ ಶಾಲೆಯ ಶುಲ್ಕ, ಎಲ್ಲವೂ ಬ್ಯಾರನ್ನಿನ ಬೆಂಕಿಯಿಂದಲೇ ಹುಟ್ಟಬೇಕು. ಆ ರೈತನನ್ನು ಪಾಪಿಯೆಂದು ಬೆರಳು ತೋರಿಸುವುದು ಸುಲಭ, ಆದರೆ ಅನ್ಯಾಯ. ಅವನಿಗೆ ಬೇರೆ ಬೆಳೆ, ನಂಬಿಕೆಯ ಬೆಲೆ ಬೇಕು. ಭಾರತವು 2004ರಲ್ಲಿ ಅಂಗೀಕರಿಸಿದ ಅಂತರರಾಷ್ಟ್ರೀಯ ತಂಬಾಕು ನಿಯಂತ್ರಣ ಒಪ್ಪಂದವೂ ಬೆಳೆಗಾರರ ಬದಲಿ ಜೀವನೋಪಾಯದ ಮಾತನ್ನಾಡುತ್ತದೆ. ರೋಗಿಯ ಕೆಮ್ಮನ್ನು ಕೇಳಬೇಕಾದ ಸಮಾಜ ರೈತನ ಅಳಲನ್ನೂ ಕೇಳಬೇಕು.

ಕ್ಷಯವಿನ್ನೂ ನಮ್ಮನ್ನು ಬಿಟ್ಟು ಹೋಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಭಾರತದಲ್ಲಿ ಸುಮಾರು 28 ಲಕ್ಷ ಮಂದಿ ಈ ರೋಗಕ್ಕೆ ತುತ್ತಾದರು. ಅದು ಜಗತ್ತಿನ ಒಟ್ಟು ರೋಗಿಗಳ ಕಾಲುಭಾಗಕ್ಕೂ ಹೆಚ್ಚು. ಕಫ ಪರೀಕ್ಷೆಯೂ ಔಷಧವೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ; ಪೌಷ್ಟಿಕ ಆಹಾರಕ್ಕೆಂದು ನೀಡುವ ತಿಂಗಳ ನೆರವು 2024ರ ನವೆಂಬರಿನಿಂದ 1000 ರೂಪಾಯಿಗೆ ಏರಿದೆ. ಆದರೂ ಹೆಣ್ಣಿನ ಸಂಬಂಧ ತಪ್ಪೀತೆಂದು ರೋಗವನ್ನು ಮುಚ್ಚಿಡುವ ಮನೆಗಳಿವೆ. ಎರಡು ತಿಂಗಳಿಗೆ ಹಗುರವಾಯಿತೆಂದು ಮಾತ್ರೆ ಬಿಡುವವರಿದ್ದಾರೆ. ಹಾಗೆ ಬಿಟ್ಟ ರೋಗ ಮದ್ದಿಗೆ ಬಗ್ಗದ ರೂಪ ತಾಳಿ ಮರಳಬಹುದು.

ಪ್ರಿಯ ಕ್ರೈಸ್ತ ಕುಟುಂಬಗಳೇ, ನಮ್ಮೆಲ್ಲರ ಅಕ್ಕರೆಯ ಲಿಸಿಯೂದ ಸಂತ ತೆರೇಸಾ 1897ರಲ್ಲಿ, ತಮ್ಮ 24ನೆಯ ವಯಸ್ಸಿನಲ್ಲಿ ಕ್ಷಯದಿಂದಲೇ ತೀರಿಕೊಂಡರು. ಆ ಸಂತಳ ಪಟವಿರುವ ಮನೆಯಲ್ಲಿ ಈ ರೋಗದ ಹೆಸರಿಗೆ ನಾಚಿಕೆಯೇಕೆ? ಲೈನ್ ಮನೆಯಲ್ಲಾಗಲಿ, ಸ್ವಂತ ಮನೆಯಲ್ಲಾಗಲಿ, ಎರಡು ವಾರ ಮೀರಿ ಕೆಮ್ಮುವವರಿದ್ದರೆ ಕೆಮ್ಮಿನ ಸೀಸೆ ತಂದುಕೊಟ್ಟು ಸುಮ್ಮನಾಗದಿರಿ. ಅವರ ಜೊತೆಯಲ್ಲಿ ಆರೋಗ್ಯ ಕೇಂದ್ರಕ್ಕೆ ನಡೆಯಿರಿ, ಕಫ ಪರೀಕ್ಷೆ ಮಾಡಿಸಿ, ಆರು ತಿಂಗಳೂ ಅವರ ಮಾತ್ರೆಯ ಲೆಕ್ಕ ಇಡಿ, ಭಾನುವಾರದ ಬಲಿಪೂಜೆ ಮುಗಿದ ಮೇಲೆ ಒಮ್ಮೆ ಅವರ ಮನೆಗೆ ಹೋಗಿಬನ್ನಿ. ಮಾಹ್ಲರ್ ಅವರಿಗೆ ನಾವು ಹೊದಿಸಬಹುದಾದ ಶಾಲು ಇದೊಂದೇ.