'ಸೇಫ್' ಎಂದ ಅಂಪೈರ್

2010ರ ಜೂನ್ 2. ಡೆಟ್ರಾಯಿಟ್ ಟೈಗರ್ಸ್ ಪಿಚರ್ ಅರ್ಮಾಂಡೊ ಗಲಾರಾಗಾ ಸತತ 26 ಬ್ಯಾಟರ್‌ಗಳನ್ನು ಔಟ್ ಮಾಡಿದ್ದರು. ಇನ್ನೊಂದು ಔಟ್ ಸಿಕ್ಕರೆ ಬೇಸ್‌ಬಾಲ್‌ನ ಅಪರೂಪದ 'ಪರ್ಫೆಕ್ಟ್ ಗೇಮ್'. ಆ ಔಟೂ ಆಗಿತ್ತು. ಆದರೆ ಎರಡು ದಶಕಗಳ ಅನುಭವಿ ಅಂಪೈರ್ ಜಿಮ್ ಜಾಯ್ಸ್ 'ಸೇಫ್' ಎಂದುಬಿಟ್ಟರು.

ಪಂದ್ಯದ ಬಳಿಕ ವಿಡಿಯೊ ನೋಡಿದ ಜಾಯ್ಸ್ ನೆಪ ಹುಡುಕಲಿಲ್ಲ. ಗಲಾರಾಗಾ ಮುಂದೆ ಅಳುತ್ತಾ ಕ್ಷಮೆ ಕೇಳಿದರು. ತೀರ್ಪು ಬದಲಾಗಲಿಲ್ಲ. ಆದರೂ ಅದೇ ತಿಂಗಳು ಇಎಸ್‌ಪಿಎನ್ ಸಮೀಕ್ಷೆಯಲ್ಲಿ ಆಟಗಾರರು ಅವರನ್ನೇ ಅತ್ಯುತ್ತಮ ಅಂಪೈರ್ ಎಂದು ಆರಿಸಿದರು. ಇಂಥ ತೀರ್ಪುಗಳನ್ನು ವಿಡಿಯೊ ನೋಡಿ ತಿದ್ದುವ ನಿಯಮ ಬಂದದ್ದು 2014ರಲ್ಲಿ.

ಪುಣೆಯಲ್ಲಿ ನಾನು ಮಾಡುವ ಸಾಫ್ಟ್‌ವೇರ್ ಕೆಲಸದಲ್ಲೂ ಲಾಗ್ ನೋಡಿದರೆ ತಪ್ಪು ಎಲ್ಲಿದೆಯೆಂದು ಗೊತ್ತಾಗುತ್ತದೆ. 'ತಪ್ಪು ನನ್ನದೇ' ಎಂಬ ಮಾತನ್ನು ಮಾತ್ರ ಮನುಷ್ಯರೇ ಆಡಬೇಕು. ಜಾಯ್ಸ್ ಹೆಸರು ಉಳಿದದ್ದು ಆ ಮಾತಿನಿಂದ.