ಈಜು–ಓಟ: ಪಣದಿಂದ ಹುಟ್ಟಿದ ಕ್ರೀಡೆ

ನೆಲ ಬಂದಲ್ಲಿ ಓಡುವುದು, ನೀರು ಬಂದಲ್ಲಿ ಈಜುವುದು, ನಡುವೆ ಉಡುಪನ್ನಾಗಲಿ ಪಾದರಕ್ಷೆಯನ್ನಾಗಲಿ ಬದಲಿಸದಿರುವುದು: ಇದೇ ಸ್ವಿಮ್‌ರನ್ ಎಂಬ ಕ್ರೀಡೆಯ ಲಕ್ಷಣ. ಇದರ ಮೂಲ ವಿನೋದವೇ. 2002ರಲ್ಲಿ ಸ್ಟಾಕ್‌ಹೋಮ್ ಬಳಿಯ ಊಟೊ ದ್ವೀಪದಿಂದ ಸ್ಯಾಂಡ್‌ಹಾಮ್‌ವರೆಗೆ ನಾಲ್ವರು ಗೆಳೆಯರು ಎರಡು ಜೋಡಿಗಳಾಗಿ ಹೊರಟರು. ಸೋತ ಜೋಡಿ ಊಟ ವಸತಿಗಳ ವೆಚ್ಚವನ್ನು ಭರಿಸತಕ್ಕದ್ದೆಂಬುದು ಪಣ. 2006ರಲ್ಲಿ ಅದು ‘ಓಟಿಲ್ಲೋ’, ಎಂದರೆ ‘ದ್ವೀಪದಿಂದ ದ್ವೀಪಕ್ಕೆ’, ಎಂಬ ಹೆಸರಿನ ಸಾರ್ವಜನಿಕ ಸ್ಪರ್ಧೆಯಾಯಿತು.

ಪಾದರಕ್ಷೆ ತೊಟ್ಟು ಈಜುವಾಗ ಕಾಲುಗಳು ಕೆಳಗಿಳಿಯುತ್ತವೆ. ಆದುದರಿಂದ ತೊಡೆಗಳ ನಡುವೆ ಬೆಂಡನ್ನು ಇರಿಸಿಕೊಳ್ಳುವರು. ನೀರು ಗಾಳಿಗಿಂತ ಬಹು ಬೇಗ ದೇಹದ ಶಾಖವನ್ನು ಸೆಳೆಯುವುದರಿಂದ ತಣ್ಣೀರಿನಲ್ಲಿ ರಬ್ಬರಿನ ಉಡುಪು ಅವಶ್ಯ. ಅದೇ ಉಡುಪು ಓಡುವಾಗ ಮೈಯನ್ನು ಬೇಯಿಸುತ್ತದೆ. ಈ ಎರಡನ್ನೂ ಸರಿದೂಗಿಸುವುದೇ ಇಲ್ಲಿಯ ಕೌಶಲ. ಚಳಿಯಿಂದ ಬುದ್ಧಿ ಮಂಕಾದವನಿಗೆ ತನ್ನ ಅಪಾಯ ತಿಳಿಯದು, ಜೊತೆಗಾರನಿಗೆ ತಿಳಿಯುತ್ತದೆ. ಜೋಡಿಯಾಗಿ ಸಾಗುವ ಪದ್ಧತಿಯು ವಿನೋದಕ್ಕೆಂದು ಬಂದವನಿಗೂ ಪ್ರಾಣರಕ್ಷಕವಾಗುವುದು ಹೀಗೆ.